ಗಟ್ಟಿಯದು ಬಿರಿದಿದೆ

ಬಂಡೆಯ ಬಿರುಕಿಗೆ ಅಡ್ಡಲಾಗಿ ಮೆತ್ತಿದ್ದ ಗಾರೆಯ ಪಟ್ಟಿ ಎರಡು ತುಂಡಾಗಿತ್ತು. ಉರುವಲು ಆರಿಸಲು ಬೆಟ್ಟ ಹತ್ತಿದ್ದ ಬುರುಲ್ ಬಗ್ಗಿ ಅದರ ಸಂದಿಯಲ್ಲಿ ಬೆರಳಿಟ್ಟಳು. ಬೆರಳು ಸಲೀಸಾಗಿ ಒಳಗೆ ಹೋಯಿತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಚಳಿಗಾಲದಲ್ಲಿ ಘಾಟಿಯಲ್ಲಿ ಲಾರಿ ಉರುಳಿ ಗಂಡ ಕುಬತ್ ಸತ್ತ ಮೇಲೆ ಯಾವುದೂ ಅವಳ ಮೈಗೆ ತಟ್ಟುತ್ತಿರಲಿಲ್ಲ. ಅಂದು ಅವಳು ಅತ್ತಿರಲಿಲ್ಲ. ಸಾವಿಗೆ ಬಂದ ಹೆಂಗಸರು ಆಡಿಕೊಂಡಿದ್ದೂ ಅವಳ ಕಿವಿಗೆ ಬಿದ್ದಿತ್ತು.

ಪಟ್ಟಿ ಮೆತ್ತಿದವಳು ಮೈರಾಮ್, ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ಭೂವಿಜ್ಞಾನಿ. ಹೋದ ಬೇಸಿಗೆಯಲ್ಲಿ ಬುರುಲ್‌ಳ ಮನೆಯಲ್ಲೇ ಉಳಿದಿದ್ದಳು. ಕುರಿದೊಡ್ಡಿಯ ಹಿಂದಿನ ಬಂಡೆಯಲ್ಲಿ ಕೆಂಪು, ಬಿಳಿ ಪದರಗಳು ಮಡಚಿಟ್ಟ ಕಂಬಳಿಯಂತೆ ಬಾಗಿದ್ದವು. ಬುರುಲ್ ಅದನ್ನೇ ದಿಟ್ಟಿಸುವುದನ್ನು ಕಂಡು ಅವಳು ಹೇಳಿದ್ದಳು:

"ಇದು ಬಾಗಿದ್ದು ಇಲ್ಲಲ್ಲ ಕಣೇ, ನೆಲದ ಆಳದಲ್ಲಿ. ಅಲ್ಲಿ ಶಾಖ ಇರುತ್ತೆ, ಮೇಲಿಂದ ಭಾರ ಇರುತ್ತೆ. ನಿಧಾನಕ್ಕೆ ಒತ್ತಿದ್ರೆ ಕಲ್ಲೂ ನಾದಿದ ಹಿಟ್ಟಿನ ಥರ ಬಾಗುತ್ತೆ. ಮೇಲೆ ಬಂದು ತಣ್ಣಗಾಯ್ತು ಅಂದ್ರೆ ಬಾಗೋದು ಆಗಲ್ಲ. ತಡ್ಕೊಂಡು ತಡ್ಕೊಂಡು ಒಂದಿನ ಫಟ್ ಅಂತ ಒಡೆಯುತ್ತೆ."

"ಒಡೆಯೋ ಮುಂಚೆ ಗೊತ್ತಾಗಲ್ವಾ?"

"ಸಣ್ಣ ಸಣ್ಣ ಬಿರುಕು ಬಿಡುತ್ತೆ. ಈ ಪಟ್ಟಿ ಒಡೆದ್ರೆ ಬಂಡೆ ಜರುಗ್ತಾ ಇದೆ ಅಂತ. ಆಗ ದೊಡ್ಡೀಲಿ ಯಾರನ್ನೂ ಇರೋಕೆ ಬಿಡಬೇಡ."

ದೊಡ್ಡಿಯಲ್ಲಿ ಈಗ ಮಾವ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ.

ಬುರುಲ್ ಸೌದೆ ಅಲ್ಲೇ ಬಿಟ್ಟು ಮನೆಗೆ ಇಳಿದಳು. ಅಂಗಳದಲ್ಲಿ ಅತ್ತೆ ಅನಾರ್ಕುಲ್, ಮೊಸರು ಹಿಂಡಿ ಉಂಡೆಕಟ್ಟಿದ ಕುರುತ್ ಅನ್ನು ಬಿಸಿಲಿಗೆ ಹರಡುತ್ತಿದ್ದಳು. ಮಾವನ ಹೆಸರು ತಾಶ್ತಾನ್. ಅವರ ಮಾತಿನಲ್ಲಿ ತಾಶ್ ಎಂದರೆ ಕಲ್ಲು. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ, ಆ ಹೆಸರಿನೊಳಗಿರುವ ಮಾತನ್ನೂ ಹೇಳುವಂತಿಲ್ಲ. ಮದುವೆಯಾಗಿ ಬಂದಂದಿನಿಂದ ಕಲ್ಲು ಬಂಡೆಗಳೆಲ್ಲ ಬುರುಲ್‌ಳ ಬಾಯಲ್ಲಿ 'ಗಟ್ಟಿಯದು'. ಅತ್ತೆಯನ್ನು ಅಪಾ ಎಂದೂ ಮಾವನನ್ನು ಆತಾ ಎಂದೂ ಕರೆಯುತ್ತಿದ್ದಳು.

"ಅಪಾ, ಗಟ್ಟಿಯದು ಬಿರಿದಿದೆ."

"ಬಿರೀದೆ ಏನಾಗುತ್ತೆ? ಹಸಿ ಇದ್ದಾಗಲೇ ಬಿಸಿಲಿಗೆ ಹಾಕಿದ್ಯಲ್ಲ. ಒದ್ದೆ ಬಟ್ಟೆ ಮುಚ್ಚು."

"ಕುರುತ್ ಅಲ್ಲ ಅಪಾ. ಮೇಲಿನ ಗಟ್ಟಿಯದು."

"ಮೇಲಿನ ತಟ್ಟೇದಾ? ಅದು ಹಳೇದು. ನಿಮ್ಮ ಮಾವನ ಹಲ್ಲಿಗಾಗಲ್ಲ, ಇರೋದೇ ಮೂರು ಹಲ್ಲು. ನೆನೆಸಿ ಸಾರಿಗೆ ಹಾಕು."

"ಬೆಟ್ಟದ್ದು ಅಪಾ. ಮೈರಾಮ್ ಮೆತ್ತಿದ್ದು ಒಡೆದಿದೆ. ಆತಾ ದೊಡ್ಡೀಲಿದ್ದಾರೆ."

ಅತ್ತೆಯ ಕೈ ನಿಂತಿತು. "ಹೋಗೇ, ಕರಿ. ನನ್ನ ಕಾಲು ಓಡಲ್ಲ."

ಬುರುಲ್ ಓಡಿದಳು. ಬೇಲಿಯ ಹತ್ತಿರ ಬರುವಾಗ ಬಂಡೆಯ ಮೇಲಿಂದ ಮರಳಿನಂಥ ಪುಡಿ ಸುರಿಯುತ್ತಿತ್ತು. ಕುರಿಗಳು ಒಂದೇ ಸಮ ಅರಚುತ್ತಿದ್ದವು.

"ಆತಾ, ಹೊರಗೆ ಬನ್ನಿ."

"ಚಹಾ ಆಮೇಲೆ," ಒಳಗಿನಿಂದ ಮಾವನ ದನಿ ಬಂತು. "ಇದೊಂದನ್ನ ಮುಗಿಸಿ ಬರ್ತೀನಿ."

"ಗಟ್ಟಿಯದು ಬಿರಿದಿದೆ ಆತಾ."

"ನೆನೆಸಿ ಕೊಡು ಅಂತ ಹೇಳು ನಿಮ್ಮತ್ತೆಗೆ."

ಮುಷ್ಟಿಯಷ್ಟು ದೊಡ್ಡದೊಂದು ತುಂಡು ದೊಡ್ಡಿಯ ಮಾಡಿನ ಮೇಲೆ ಬಿದ್ದು ಪುಟಿಯಿತು. ಬುರುಲ್ ಬಾಯಿ ತೆರೆದಳು.

"ತಾಶ್," ಎಂದು ಕೂಗಿದಳು. ಮತ್ತೆ ಕೂಗಿದಳು, "ತಾಶ್ತಾನ್."

ಕತ್ತರಿಯ ಸದ್ದು ನಿಂತಿತು. ಮಾವ ಹೊರಗೆ ಬಂದ. ಮುಖ ಕೆಂಪಾಗಿತ್ತು, ತೋಳಿನ ತುಂಬ ಉಣ್ಣೆ. "ಯಾರದು ನನ್ನ ಹೆಸರು ಹಿಡಿದು..." ಎಂದವನು ಸೊಸೆಯನ್ನು ಕಂಡು ಮಾತು ನುಂಗಿದ. ಕೇಳಿಯೇ ಬಿಡುತ್ತೇನೆ ಎನ್ನುವವನಂತೆ ಬೇಲಿ ದಾಟಿ ಅವಳತ್ತ ನಡೆದ.

ಅವನ ಬೆನ್ನ ಹಿಂದೆ ಒಣ ಕಟ್ಟಿಗೆ ಮುರಿದಂತೆ ಒಂದು ಸದ್ದು. ಆಮೇಲೆ ಕಾಲಡಿಯ ನೆಲ ಅದುರಿತು, ಧೂಳು ಎದ್ದಿತು. ಧೂಳು ಇಳಿದಾಗ ದೊಡ್ಡಿಯ ಹಿಂದಿನ ಅರ್ಧ ಇರಲಿಲ್ಲ. ಬದುಕಿದ ಕುರಿಗಳು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ಅರ್ಧ ಉಣ್ಣೆ ತೆಗೆದ ಕುರಿಯೊಂದು ಬಂಡೆಯ ಚೂರುಗಳ ನಡುವೆ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು.

ಮಾವ ತಿರುಗಿ ನೋಡಿದ. "ನಮ್ಮಮ್ಮ ಹೋದ ಮೇಲೆ ಹಾಗೆ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ," ಎಂದ. "ಅವಳೇ ಎದ್ದು ಬಂದ್ಲೇನೋ ಅಂದ್ಕೊಂಡೆ."

ಅತ್ತೆ ಏದುಸಿರು ಬಿಡುತ್ತ ಬಂದು ಗಂಡನ ತೋಳು ಮುಟ್ಟಿ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ಅಲ್ಲೀವರೆಗೂ ಕೇಳಿಸ್ತು. ನಾನು ಮದುವೆಯಾಗಿ ಮುದುಕಿಯಾದೆ, ಇವತ್ತಿಗೂ ಹೇಳಿಲ್ಲ. ನೀನು ಕಲ್ಲು ಅಂತ ಕೂಗಿದ್ಯೋ, ಇವರನ್ನ ಕರೆದ್ಯೋ?"

"ಗೊತ್ತಿಲ್ಲ ಅಪಾ."

ನಾಚಿಕೆ ಬರುತ್ತದೆಂದು ಬುರುಲ್ ಕಾದಳು. ಬರಲಿಲ್ಲ. ಮಾವ ಉಳಿದನೆಂಬ ಸಮಾಧಾನವೂ ಬರಲಿಲ್ಲ. ಎಲ್ಲ ಎಲ್ಲೋ ದೂರದಲ್ಲಿ ನಡೆದಂತಿತ್ತು. ತುಟಿಗೆ ಧೂಳು ಮೆತ್ತಿತ್ತು, ಅದನ್ನು ಒರೆಸಿಕೊಂಡಳು.

ಮಾವ ಕತ್ತರಿ ನೆಲಕ್ಕಿಟ್ಟು ಅಂಗಿಯ ತೋಳು ಮಡಚಿದ. "ಆ ಕುರೀನ ಎಳೀತೀನಿ. ನೀನು ಇಲ್ಲೇ ನಿಂತು ಮೇಲೆ ನೋಡ್ತಾ ಇರು ಮಗಳೇ. ಮತ್ತೆ ಜರುಗಿದ್ರೆ ಕೂಗು."

"ಏನಂತ ಕೂಗ್ಲಿ ಆತಾ?"

ಅವನು ಹೆಂಡತಿಯತ್ತ ನೋಡಿದ. ಅವಳು ತಲೆಯ ವಸ್ತ್ರ ಸರಿಮಾಡಿಕೊಳ್ಳುತ್ತ ಬೇರೆ ಕಡೆ ತಿರುಗಿದಳು.

"ಈಗ ಕೂಗಿದ್ಯಲ್ಲ," ಎಂದ. "ಹಾಗೇ."

ಅವನು ಒಳಗೆ ಹೋದ. ಬುರುಲ್ ಬಂಡೆಯ ಮೇಲೆ ಕಣ್ಣಿಟ್ಟು ನಿಂತಳು.