ಬೆಳ್ಳಿ ಕರಡಿಗೆಯ ನೆರಳು

ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ ಎಂದಾಗ ಬಳೆ, ಓಲೆ, ಮೂಗುಬಟ್ಟು ಎಲ್ಲ ಬಿಚ್ಚಿಟ್ಟೆ. ಕೊರಳಿನ ಬೆಳ್ಳಿ ಕರಡಿಗೆಯನ್ನು ಮಾತ್ರ ಆಸ್ಪತ್ರೆಯ ಅಂಗಿಯೊಳಗೆ ಎದೆಗೆ ಅವಚಿಟ್ಟುಕೊಂಡೆ. ಅದರೊಳಗೆ ನನ್ನ ಇಷ್ಟಲಿಂಗವಿದೆ. ಎಂಟನೇ ವಯಸ್ಸಿಗೆ ದೀಕ್ಷೆಯಾದಾಗ ಅಯ್ಯನವರು ಕಟ್ಟಿದ್ದು. ಪ್ರಾಣ ಹೋದರೂ ಮೈ ಬಿಡಬಾರದು ಅಂದಿದ್ದರು. ಯಾವುದೋ ಮೆಷಿನ್ನು ಹೇಳಿತು ಅಂತ ಬಿಡಲೇ?

ಎರಡು ಸಲ ಕೀಮೋ ಮುಗಿದಿತ್ತು. ಔಷಧಿ ಎದೆಯ ಗಡ್ಡೆಗೆ ನಾಟುತ್ತಿದೆಯೋ ಇಲ್ಲವೋ ಎಂದು ನಡುವೆಯೇ ನೋಡುವ ಸ್ಕ್ಯಾನ್ ಇದು. ಚುಚ್ಚಿದ ವಿಕಿರಣದ ಸಕ್ಕರೆ ನೀರನ್ನು ಜೀವವಿರುವ ಗಡ್ಡೆ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತದಂತೆ. ಚುಚ್ಚಿದ ಮೇಲೆ ಒಂದು ಗಂಟೆ ಒಬ್ಬಳೇ ಕೋಣೆಯಲ್ಲಿರಬೇಕು, ಮಾತಾಡಬಾರದು, ಯಾರೂ ಹತ್ತಿರ ಬರುವುದಿಲ್ಲ ಎಂದರು. ನಗು ಬಂತು. ಮಕ್ಕಳಿಲ್ಲ. ಇವರು, ಮಹಾಲಿಂಗಪ್ಪನವರು, ಹೋಗಿ ಎರಡು ವರ್ಷವಾಗಿತ್ತು. ಮದ್ರಾಸಿನ ವಡಪಳನಿಯ ಮನೆಯಲ್ಲಿ ನಾನು ದಿನವಿಡೀ ಮಾಡುವುದು ಅದನ್ನೇ.

ಮೂರನೇ ದಿನ ಡಾಕ್ಟರ್ ಸಂಗೀತಾ ಕರೆದಳು. ನಮ್ಮ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಮದ್ರಾಸಿನಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದು ಅರೆಬರೆ. ಎದೆಯಲ್ಲಿ ಒಂದು ಹೊಳಪು ಉಳಿದಿದೆ ಎಂದಳು. ಅದು ಗಡ್ಡೆಯದೇ ಆದರೆ ಈ ಔಷಧಿ ಸೋತಂತೆ, ಇನ್ನೂ ಉಗ್ರವಾದದ್ದು ಕೊಡಬೇಕು, ಬದುಕುವ ಭರವಸೆಯೂ ಕಡಿಮೆ. ಆದರೆ ಅದೇ ಜಾಗದ ಮೇಲೆ ಯಾವುದೋ ಲೋಹದ ನೆರಳಿದೆ, ಸುಳ್ಳು ಹೊಳಪೂ ಇರಬಹುದು.

ಕರಡಿಗೆ ತೆಗೆದು ತೋರಿಸಿದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಅವಳ ಅಜ್ಜಿಯೂ ಕಟ್ಟಿಕೊಳ್ಳುತ್ತಿದ್ದರಂತೆ. ಇನ್ನೊಂದು ಸಲ ಮಾಡೋಣ, ಬೆಳ್ಳಿ ಮಾತ್ರ ಹೊರಗಿರಲಿ ಎಂದಳು.

ಮರುವಾರ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎಡ ಅಂಗೈಯಲ್ಲಿ ಹಿಡಿದು, ಎರಡೂ ಕೈ ತಲೆಯ ಮೇಲೆ ಚಾಚಿ ಇಪ್ಪತ್ತು ನಿಮಿಷ ಮಲಗಿದೆ. ಅಯ್ಯಾ, ಆ ಬೆಳಕು ಸುಳ್ಳಾಗಲಿ ಎಂದು ಬೇಡಿದೆ. ಅಷ್ಟು ದಿನ ಸತ್ತರೆ ಸಾಯುತ್ತೇನೆ ಎಂದು ಬೀಗುತ್ತಿದ್ದವಳು ನಾನೇ.

ಎರಡು ದಿನದ ನಂತರ ಸಂಗೀತಾ ಪರದೆಯನ್ನು ನನ್ನತ್ತ ತಿರುಗಿಸಿದಳು. ಎದೆಯಲ್ಲಿ ಏನೂ ಹೊಳೆಯುತ್ತಿರಲಿಲ್ಲ. ಅದೇ ಔಷಧಿ ಇನ್ನು ನಾಲ್ಕು ಸಲ, ಇಷ್ಟು ಬೇಗ ಹೊಳಪು ಆರಿದವರು ಬಹಳಷ್ಟು ಮಂದಿ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ ಎಂದಳು.

"ಕೂಡ ಯಾರು ವಂದಿರ್ಕಾಂಗ? ಜೊತೆಗೆ ಬಂದವರು ಹೊರಗೆ ಇದ್ದಾರಾ? ಕರೀರಿ ಆಂಟಿ, ಅವರಿಗೂ ನಾನೇ ಹೇಳ್ತೀನಿ."

ನಾನು ಬಾಗಿಲ ಕಡೆ ನೋಡಿದೆ. ಹೊರಗೆ ನನ್ನವರು ಅಂತ ಯಾರೂ ಇರಲಿಲ್ಲ. ಕಾಯಿಲೆ ಗೊತ್ತಾದಾಗಲೂ ಅಳದವಳಿಗೆ ಆಗ ಅಳು ಬಂತು. ಸಂತೋಷಕ್ಕೆ ಅಲ್ವಾ ಎಂದು ಅವಳು ನನ್ನ ಕೈ ಹಿಡಿದುಕೊಂಡಳು.

"ಅಲ್ಲಮ್ಮ," ಎಂದೆ. "ಬದುಕ್ಬೇಕು, ಬದುಕ್ಬೇಕು ಅಂತ ಬೇಡ್ಕೊಂಡ್ನಲ್ಲ, ಯಾರ ಜೊತೆ ಅಂತ ಯೋಚ್ನೆನೇ ಮಾಡ್ಲಿಲ್ಲ ನೋಡು."