ಬಾಗಿಲಲ್ಲಿ ಹಿಡಿದ ರೊಟ್ಟಿ

ನರಿನ್ ಸೀಮೆಯ ನಮ್ಮ ಹಳ್ಳಿಯ ಮಹಿಳಾ ಸಂಘದಲ್ಲಿ ಉಣ್ಣೆಯ ಜಮಖಾನೆ ಹೊಲಿಯುವುದೇ ಮುಖ್ಯ ಕೆಲಸ. ಮಾರ್ಚ್ ಎಂಟರ ಮಹಿಳಾ ದಿನದಂದು ಮಾತ್ರ ಸೂಜಿ ಕೆಳಗಿಟ್ಟು ಎಲ್ಲರಿಗಿಂತ ಹಿರಿಯಳಾದ ಉಲ್ಕಾನ್ ಅಜ್ಜಿಯ ಮಾತು ಕೇಳುತ್ತಿದ್ದೆವು. ಹುಡುಗಿಯರನ್ನು ಹೊತ್ತೊಯ್ದು ಮದುವೆಯಾಗುವುದನ್ನು ಸೋವಿಯತ್ ಸರ್ಕಾರ ಅಪರಾಧವೆಂದದ್ದು, ಅದನ್ನು ಸಾರಲು ಅವಳ ತಾಯಿ ಕುದುರೆ ಏರಿ ಊರೂರು ಸುತ್ತಿ ಕಲ್ಲೇಟು ತಿಂದದ್ದು, ಸೋವಿಯತ್ ಒಕ್ಕೂಟ ಒಡೆದು ನಮ್ಮ ದೇಶ ಸ್ವತಂತ್ರವಾದ ಮೇಲೆ ಶಿಕ್ಷೆ ಇನ್ನೂ ಹೆಚ್ಚಿದ್ದು, ಎಲ್ಲವನ್ನೂ ಅವಳು ಇಸವಿ ಸಮೇತ ಹೇಳುತ್ತಿದ್ದಳು.

ಒಂದು ವರ್ಷ ಅಕ್ಟೋಬರಿನಲ್ಲಿ ಅಜ್ಜಿಯ ಮೊಮ್ಮಗನೇ ನಮ್ಮ ಸಂಘದ ಕಾನಿಮ್‌ಗುಲ್‌ಳ ಮಗಳು ಸೈಕಾಲ್‌ಳನ್ನು ಬಸ್ ನಿಲ್ದಾಣದಿಂದ ಕಾರಿಗೆ ಎಳೆದುಹಾಕಿಕೊಂಡು ಹೋದ. ಸೈಕಾಲ್ ನರ್ಸಿಂಗ್ ಓದುತ್ತಿದ್ದಳು. ಠಾಣೆಗೆ ಫೋನ್ ಮಾಡಿದೆವು. ಮೊದಲು ಮನೆಯವರು ಕೂತು ಮಾತಾಡಿ, ನಾವು ಸಂಜೆ ಬಂದು ಹುಡುಗಿಯನ್ನು ಕೇಳುತ್ತೇವೆ ಎಂಬ ಉತ್ತರ ಬಂತು. ತಲೆಗೆ ಬಿಳಿ ವಸ್ತ್ರ ಕಟ್ಟಿಸಿಕೊಂಡರೆ ಹುಡುಗಿ ಮದುವೆಗೆ ಒಪ್ಪಿದಂತೆ. ಅದಕ್ಕೆ ಮುಂಚೆ ಕರೆತರಬೇಕಿತ್ತು. ಕಾನಿಮ್‌ಗುಲ್‌ಳ ಹಿಂದೆ ನಾವು ನಾಲ್ವರು ಅಜ್ಜಿಯ ಮನೆಗೆ ಓಡಿದೆವು.

ಹೊಸ್ತಿಲಿಗೆ ಅಡ್ಡವಾಗಿ ಅಜ್ಜಿ ಕಾಲು ಚಾಚಿ ಕೂತಿದ್ದಳು. ಹಿರಿಯಳನ್ನು ದಾಟಿ ಹೊರಬರುವ ಧೈರ್ಯ ಯಾವ ಹುಡುಗಿಗೂ ಇರುವುದಿಲ್ಲ; ದಾಟಿದವಳಿಗೆ ಶಾಪ ತಟ್ಟುತ್ತದೆ.

"ಅಜ್ಜೀ, ಇದಕ್ಕೆ ಜೈಲು ಅಂತ ನಮಗೆ ಹೇಳಿಕೊಟ್ಟಿದ್ದು ನೀವೇ ಅಲ್ವಾ?" ಎಂದೆ.

"ಹೌದು ಕಣೇ. ಜೈಲಿಗೆ ಹೋಗೋನು ನನ್ನ ಮೊಮ್ಮಗ. ಅದಕ್ಕೇ ಕೂತಿದೀನಿ."

ಕಾನಿಮ್‌ಗುಲ್‌ಗೆ ಮಾತ್ರ ಅವಳು ಕಾಲು ಮಡಚಿ ದಾರಿ ಬಿಟ್ಟಳು. ಒಳಗೆ ಪರದೆಯ ಹಿಂದೆ ಸೈಕಾಲ್ ಕೂಗಾಡುತ್ತಿದ್ದಳು. ವಸ್ತ್ರ ಕಟ್ಟಲು ಬಂದವಳ ಕೈ ಕಚ್ಚಿದ್ದಳೆಂದು ಕಾಣುತ್ತದೆ, ಒಬ್ಬಳು ಬೈಯುತ್ತಿದ್ದಳು. ಅಷ್ಟರಲ್ಲಿ ಆ ಮನೆಯ ಸೊಸೆ ರೊಟ್ಟಿಯ ತಟ್ಟೆ ಮುಂದೆ ಹಿಡಿದಳು. ಅವಸರವಿರಲಿ, ಜಗಳವಿರಲಿ, ಬಾಗಿಲಲ್ಲಿ ರೊಟ್ಟಿ ಹಿಡಿದರೆ ಚೂರು ಮುರಿದು ಬಾಯಿಗೆ ಹಾಕಿಕೊಳ್ಳದೆ ನಮ್ಮಲ್ಲಿ ಯಾರೂ ಮುಂದೆ ಹೋಗುವುದಿಲ್ಲ. ಕಾನಿಮ್‌ಗುಲ್‌ಳ ಕಣ್ಣು ಪರದೆಯ ಮೇಲಿತ್ತು. ಕೈ ತಾನಾಗಿಯೇ ರೊಟ್ಟಿ ಮುರಿಯಿತು.

"ಬೀಗಿತ್ತಿ ನಮ್ಮನೆ ರೊಟ್ಟಿ ತಿಂದ್ರು" ಎಂದು ಸೊಸೆ ಒಳಗೆಲ್ಲ ಕೇಳುವಂತೆ ಹೇಳಿದಳು. "ಇನ್ನೇನು, ಚಹಾ ಬಗ್ಗಿಸ್ರಿ." ಯಾರೋ ನಕ್ಕರು.

ಕಾನಿಮ್‌ಗುಲ್ ಉಗುಳಲು ಹೋದಳು. ರೊಟ್ಟಿಯನ್ನು ಉಗುಳುವುದೂ ನಮ್ಮಿಂದ ಆಗದ ಕೆಲಸ. ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು.

ಪರದೆ ಸರಿಯಿತು. ಸೈಕಾಲ್ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿದ್ದಳು.

"ಅಮ್ಮಾ, ತಿಂದ್ಯಾ?"

ತಾಯಿ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ, ಹೊಸ್ತಿಲಾಚೆ ನಿಂತ ನನಗೆ ತಿಳಿಯಲಿಲ್ಲ. ಸೈಕಾಲ್‌ಳ ಕೈಗಳು ಕೆಳಗಿಳಿದವು.

ಸಂಜೆ ಪೊಲೀಸರು ಬಂದು ಕೇಳಿದಾಗ ಅವಳು, ತಲೆಯ ಮೇಲಿನ ಬಿಳಿ ವಸ್ತ್ರ ಸರಿಮಾಡಿಕೊಳ್ಳುತ್ತ, ಅಮ್ಮ ಒಪ್ಪಿದ್ದಾಳೆ ಎಂದಳು. ಅವರು ಚಹಾ ಕುಡಿದು ಹೋದರು.