ಮಾತಿಲ್ಲದ ಕರೆಗಳು

ಮಾರಾಟಗಾರ ಪುಸ್ತಕದಷ್ಟು ಗಾತ್ರದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, ಮಗುವಿನ ಬೆನ್ನು ಸವರುವಂತೆ ಸವರಿದ. "ಗೋಡೆಗೆ ಹಾಕಿ, ಮರೆತುಬಿಡಿ ಮೇಡಂ. ಆಫೀಸಿನ ಫೋನುಗಳನ್ನೆಲ್ಲ ಇದೇ ನೋಡ್ಕೊಳ್ಳುತ್ತೆ."

ಮನೆಯಲ್ಲಿರುವ ರೋಗಿಗಳಿಗೆ ಆಮ್ಲಜನಕದ ಸಿಲಿಂಡರ್ ಒದಗಿಸುವ ಸಂಸ್ಥೆ ನಮ್ಮದು. ಭಾವನವರೂ ನಾನೂ ಪಾಲುದಾರರು. ಒಂಬತ್ತು ವರ್ಷಗಳಿಂದ ನಮ್ಮ ಕರೆಗಳೆಲ್ಲ ನನ್ನ ಮೇಜಿನಡಿಯ ಸಾಮಾನ್ಯ ಕಂಪ್ಯೂಟರಿನ ಮೂಲಕವೇ ಹಾದುಬರುತ್ತಿವೆ. ಅದನ್ನು ಜೋಡಿಸಿದವಳು ನಾನು. ಈಗ ಅದನ್ನು ತೆಗೆಸುವುದಕ್ಕೂ ನನ್ನದೇ ಸಹಿ ಬೇಕಿತ್ತು.

"ಹೋದ ತಿಂಗಳು ನಿನ್ನ ಕಂಪ್ಯೂಟರ್ ಕೈಕೊಡ್ತಲ್ಲಮ್ಮ," ಎಂದರು ಭಾವ.

"ಡಿಸ್ಕ್ ಹೋಗಿತ್ತು. ಪಕ್ಕದ ಬೀದಿಯಿಂದ ತಂದು ಹಾಕ್ದೆ. ನಲವತ್ತೇ ನಿಮಿಷ."

"ನಮ್ಮದು ಕೆಡೋದೇ ಇಲ್ಲ," ಮಾರಾಟಗಾರ ನಕ್ಕ.

"ಕೆಟ್ರೆ?"

"ಎರಡು ದಿನದಲ್ಲಿ ಬೇರೆ ಪೆಟ್ಟಿಗೆ ಬರುತ್ತೆ. ಇದನ್ನ ನೀವು ಬಿಚ್ಚೋ ಹಾಗಿಲ್ಲ."

"ಎರಡು ದಿನ ಉಸಿರು ಬಿಗಿಹಿಡ್ಕೊಂಡಿರಿ ಅಂತ ರೋಗಿಗಳಿಗೆ ನೀವೇ ಹೇಳ್ತೀರಾ?"

ಅವನ ನಗು ತುಸು ಬಾಡಿತು. ನಾನು ಬಿಡಲಿಲ್ಲ. ಉಸಿರು ಕಟ್ಟಿದವರಿಗೆ ಮಾತಾಡಲಾಗುವುದಿಲ್ಲ. ಅದಕ್ಕೇ, ನಮ್ಮ ಪಟ್ಟಿಯ ಯಾವುದೇ ನಂಬರಿನಿಂದ ಮಾತಿಲ್ಲದ ಕರೆ ಬಂದರೆ, ವಿಳಾಸ ಪರದೆಯ ಮೇಲೆ ಮೂಡಿ, ವ್ಯಾನ್ ಚಾಲಕರ ಫೋನುಗಳೆಲ್ಲ ಒಟ್ಟಿಗೇ ರಿಂಗಾಗುವಂತೆ ಮಾಡಿದ್ದೆ. ಅದನ್ನು ವಿವರಿಸಿ ಕೇಳಿದೆ, "ಇದು ನಿಮ್ಮ ಪೆಟ್ಟಿಗೇಲಿ ಆಗುತ್ತಾ?"

"ಯಾರೂ ಮಾತಾಡದಿದ್ರೆ ಹತ್ತು ಸೆಕೆಂಡಿಗೆ ಕಟ್ ಮಾಡುತ್ತೆ ಮೇಡಂ. ಬದಲಾಯಿಸೋಕೆ ಕಂಪನಿಗೆ ಬರೀಬೇಕು."

"ಬರೀರಿ. ನಾನಂತೂ ಸಹಿ ಹಾಕಲ್ಲ."

ಭಾವ ಪೆನ್ನನ್ನು ಮೇಜಿಗೆ ಕುಕ್ಕಿದರು. "ಹಟಮಾರಿ! ನಾಳೆ ನೀನು ಜ್ವರ ಬಂದು ಮಲಗಿದ್ರೆ ಇದನ್ನ ಯಾರು ನೋಡ್ತಾರೆ? ಯಾವ ತಂತಿ ಯಾವುದು ಅಂತ ನಮ್ಮಲ್ಲಿ ಒಬ್ಬರಿಗಾದ್ರೂ ಗೊತ್ತಾ?"

ಆ ಮಾತು ನಾಟಿತು. ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾನಿಲ್ಲದೆ ಏನೂ ನಡೆಯದು ಎಂಬ ಸುಖವನ್ನು ಒಳಗೊಳಗೇ ಚಪ್ಪರಿಸಿಕೊಂಡಿದ್ದೆ. ಮನೆಯಲ್ಲಿ ಯಾರೂ ಕೊಡದ ಬೆಲೆ ನನಗೆ ಆ ಮೇಜಿನಡಿ ಸಿಕ್ಕಿತ್ತು. ಆದರೆ ನನ್ನ ತಪ್ಪಿಗೆ, ಉಸಿರಿಗಾಗಿ ಒದ್ದಾಡುವವರ ಕರೆ ಏಕೆ ಕಡಿದುಹೋಗಬೇಕು?

ಸಹಿ ಹಾಕದ ಕಾಗದವನ್ನು ಮಾರಾಟಗಾರನತ್ತ ತಳ್ಳಿದೆ. "ಇಂಥದ್ದೇ ಇನ್ನೊಂದು ಕಂಪ್ಯೂಟರ್ ಜೋಡಿಸ್ತೀನಿ. ಒಂದು ಕೆಟ್ರೆ ಇನ್ನೊಂದಿರುತ್ತೆ. ಎಲ್ಲಾನೂ ಬರೆದಿಡ್ತೀನಿ, ಕಲಿಸ್ತೀನಿ."

"ಯಾರಿಗೆ?" ಎಂದರು ಭಾವ.

ಕುರ್ಚಿ ಸರಿಸಿ ನೆಲದ ಮೇಲೆ ಕೂತೆ. ಸ್ಕ್ರೂಡ್ರೈವರನ್ನು ಭಾವನವರತ್ತ ಚಾಚಿದೆ.

"ಮೊದಲು ನಿಮಗೇ. ಅಂಗಿ ತೋಳು ಮಡಚ್ಕೊಂಡು ಬನ್ನಿ ಭಾವ, ಮೇಜಿಗೆ ತಲೆ ತಾಗೀತು, ಬಗ್ಗಿ."